ಉಜ್ಜಬಾರದ ಗೀಟು

ಕಾಪುವಿನಲ್ಲಿ ಹೆದ್ದಾರಿಯಿಂದ ಸ್ವಲ್ಪ ಒಳಗಿರುವ ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಮಾರ್ಕರ್ ಪೆನ್ನಿನ ಕಲೆಯಾದರೂ ಮೊದಲು ಸದ್ದಾಗುವುದು ನನ್ನ ಮನೆಯ ಗೇಟು. ಮಗನ ಬಿಳಿ ಯೂನಿಫಾರ್ಮ್ ಹಿಡಿದುಕೊಂಡು ಒಬ್ಬರು ಬರುತ್ತಾರೆ. ಫ್ರಿಜ್ಜಿನ ಬಾಗಿಲ ಮೇಲೆ ಮಗಳು ದೊಡ್ಡ ಬಂಗುಡೆ ಮೀನು ಬರೆದಿದ್ದಾಳೆ ಎಂದು ಇನ್ನೊಬ್ಬರು ಬರುತ್ತಾರೆ.

“ಆಂಟಿ, ಇದು ಹೋಗ್ತದಾ?”

“ಉಜ್ಜಿದ್ದೀರಾ?” ಎನ್ನುವುದು ನನ್ನ ಮೊದಲ ಪ್ರಶ್ನೆ. ಉಜ್ಜಿದ್ದರೆ ಕಷ್ಟ. ಉಜ್ಜಿದಷ್ಟೂ ಮಸಿ ಅಗಲವಾಗುತ್ತದೆ, ಒಳಗೆ ಇಳಿಯುತ್ತದೆ.

ಈ ವಿದ್ಯೆ ನನಗೆ ಬಂದದ್ದು ಗಂಡನ ಪೆಟ್ಟಿಗೆಗಳಿಂದ. ಅವರು ಇರುವುದು ಗಲ್ಫಿನಲ್ಲಿ, ಒಂದು ಗೋದಾಮಿನ ಕೆಲಸ. ಪ್ರತಿ ಸಲ ರಜೆ ಮುಗಿಸಿ ಹೊರಡುವಾಗಲೂ ರಟ್ಟಿನ ಪೆಟ್ಟಿಗೆಗೆ ಟೇಪು ಸುತ್ತಿ, ನಾಲ್ಕೂ ಬದಿಗೆ ದಪ್ಪ ಮಾರ್ಕರಿನಲ್ಲಿ ಹೆಸರು, ವಿಳಾಸ ಬರೆಯುತ್ತಾರೆ. ಮದುವೆಯಾದ ಹೊಸತರಲ್ಲಿ ಒಮ್ಮೆ ಪೆಟ್ಟಿಗೆಗೆ ಹಳೆಯ ಬೆಡ್‌ಶೀಟ್ ಹೊಲಿದು ಅದರ ಮೇಲೆ ಬರೆದಿದ್ದರು. ಮಸಿ ಬಟ್ಟೆ ದಾಟಿ ಅತ್ತೆಯ ಮಂಚದ ಹಲಗೆಗೂ ನನ್ನ ಸೀರೆಗೂ ಹತ್ತಿತು. ಅವರು ವಿಮಾನ ಹತ್ತಿ ಹೋದರು, ಕಲೆ ನನ್ನ ಹತ್ತಿರ ಉಳಿಯಿತು. ಬೇರೆ ಕೆಲಸವೂ ಇರಲಿಲ್ಲ, ಮಾತಾಡಲು ಅತ್ತೆ ಬಿಟ್ಟರೆ ಜನವೂ ಇರಲಿಲ್ಲ. ಮನೆಯಲ್ಲಿದ್ದ ಒಂದೊಂದನ್ನೇ ಹಚ್ಚಿ ನೋಡಿದೆ.

ಮರಕ್ಕೆ ಬಿಳಿ ಟೂತ್‌ಪೇಸ್ಟ್ ಆಗುತ್ತದೆ, ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ, ಮರದ ಗೆರೆ ಹೋದ ಕಡೆಗೇ ಒರೆಸಬೇಕು. ಸ್ಟೀಲ್ ಪಾತ್ರೆಗೆ ತೆಂಗಿನೆಣ್ಣೆ ಸವರಿ ಅರ್ಧ ಗಂಟೆ ಬಿಟ್ಟರೆ ಸಾಕು. ಮದುವೆ, ಪೂಜೆ ಎಂದು ಊರಿನ ಜಂಬರಕ್ಕೆ ಕೊಟ್ಟ ನಮ್ಮ ಪಾತ್ರೆಗಳ ತಳದಲ್ಲಿ ಅಡುಗೆಯವರು ಬರೆಯುವ ಗುರುತೆಲ್ಲ ಹಾಗೆಯೇ ಹೋಗುತ್ತದೆ. ಫ್ರಿಜ್ಜಿನ ಬಾಗಿಲಿಗೆ ಹತ್ತಿಯಲ್ಲಿ ಒಂದಿಷ್ಟು ಸ್ಪಿರಿಟ್. ಗೋಡೆಗೆ ಏನು ಮಾಡಿದರೂ ಬಣ್ಣ ಸ್ವಲ್ಪ ಏಳುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಬಟ್ಟೆಗೆ ಮಾತ್ರ ತಾಳ್ಮೆ ಬೇಕು. ಅಡಿಯಲ್ಲಿ ಮೈ ಒರೆಸುವ ಹಳೆಯ ಬೈರಾಸು ಹಾಸಿ, ಕಲೆಯನ್ನು ಮಗುಚಿ ಇಟ್ಟು, ಹಿಂಬದಿಯಿಂದ ಸ್ಯಾನಿಟೈಸರ್ ತಾಗಿಸಿ ಒತ್ತುತ್ತಾ ಹೋಗಬೇಕು. ಬೈರಾಸಿನ ಬೇರೆ ಬೇರೆ ಜಾಗ ಬದಲಿಸುತ್ತಿರಬೇಕು. ಮಸಿಯನ್ನು ಬಂದ ದಾರಿಯಲ್ಲೇ ಹಿಂದೆ ಕಳಿಸುವುದು ಎಂದು ನಾನು ಹೇಳಿಕೊಡುತ್ತೇನೆ. ಇನ್ನು ಮೈಗೆ ಹತ್ತಿದ್ದಾದರೆ ಸ್ಪಿರಿಟ್ ಬೇಡ, ಚರ್ಮ ಉರಿಯುತ್ತದೆ. ತೆಂಗಿನೆಣ್ಣೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಹೆಬ್ಬೆರಳಲ್ಲಿ ತಿಕ್ಕಿ, ಕಡಲೆಹಿಟ್ಟಿನಲ್ಲಿ ತೊಳೆದರೆ ಮುಗಿಯಿತು.

ಇಷ್ಟೆಲ್ಲ ಗೊತ್ತಿದ್ದ ನನ್ನ ಕುತ್ತಿಗೆಯ ಬುಡದಲ್ಲೇ ಕಳೆದ ದೀಪಾವಳಿಯ ಹೊತ್ತಿಗೆ ನೇರಳೆ ಬಣ್ಣದ ಒಂದು ಗೀಟು ಇತ್ತು. ಅದನ್ನು ತೆಗೆಯುವುದು ಹೇಗೆಂದಲ್ಲ, ಉಳಿಸಿಕೊಳ್ಳುವುದು ಹೇಗೆಂಬುದೇ ನನಗಿದ್ದ ಚಿಂತೆ.

ಮಳೆಗಾಲದಲ್ಲಿ ನನ್ನ ಎಡ ಎದೆಯಲ್ಲಿ ಗಂಟು ಸಿಕ್ಕಿತ್ತು. ಬೇಗ ಗೊತ್ತಾಯಿತು, ಅದು ದೇವರ ದಯೆ. ಗಂಡನಿಗೆ ರಜೆ ಸಿಕ್ಕಿತು, ಅದೂ ದಯೆಯೇ. ಮಣಿಪಾಲದಲ್ಲಿ ಆಪರೇಷನ್ ಮುಗಿಸಿ, ನನ್ನನ್ನು ಮನೆಗೆ ತಂದು ಬಿಟ್ಟು, ಗಂಜಿ ಬೇಯಿಸಿ ಕೊಟ್ಟು, ಇದ್ದ ರಜೆಯೆಲ್ಲ ಅದಕ್ಕೇ ಖರ್ಚಾಗಿ ಅವರು ಹಿಂದಿರುಗಿದರು. ಆಮೇಲೆ ಉಳಿದದ್ದು ರೇಡಿಯೇಷನ್. ಭಾನುವಾರ ಬಿಟ್ಟು ದಿನಾ ಹೋಗಿ ಬರಬೇಕು. ಬಸ್ಸಿನಲ್ಲಿ ಹೋಗಿ ಬರುವುದು ನನಗೇನು ಹೊಸತಲ್ಲ ಎಂದೆ.

ಮಕ್ಕಳು ನಮಗಿಲ್ಲ. ನನ್ನ ಕಡೆಯವರೆಂದು ಹೇಳಿಕೊಳ್ಳಲು ಈಗ ಯಾರೂ ಉಳಿದಿಲ್ಲ. ಗಂಡನ ಕಡೆಯಿಂದ ಕಾರ್ಕಳದಲ್ಲಿ ಅವರ ಅಕ್ಕ ಇದ್ದಾರೆ. ನಾನು ಕರೆಯುವುದು ಅತ್ತಿಗೆ ಎಂದು. ಅವರಿಗೆ ಹೇಳುವಾ ಎಂದು ಗಂಡ ಮತ್ತೆ ಮತ್ತೆ ಕೇಳಿದರು. ಬೇಡ ಎಂದೆ. ನಮ್ಮ ಅತ್ತೆ, ಎಂದರೆ ಅವರ ತಾಯಿ, ಹೋದದ್ದು ಇದೇ ಕಾಯಿಲೆಯಲ್ಲಿ. ಅವರಿಗೆ ಗೊತ್ತಾಗುವಾಗಲೇ ತಡವಾಗಿತ್ತು, ಔಷಧವೆಂದು ಹೆಚ್ಚೇನೂ ಮಾಡಲಾಗಲಿಲ್ಲ. ಕೊನೆಯ ತನಕ ಹಗಲೂ ರಾತ್ರಿ ನೋಡಿಕೊಂಡವರು ಅತ್ತಿಗೆ. ಅದೇ ಹೆಸರನ್ನು ಇನ್ನೊಮ್ಮೆ ಅವರ ಕಿವಿಗೆ ಹಾಕಲು ನನಗೆ ಬಾಯಿ ಬರಲಿಲ್ಲ. ಮೇಲಾಗಿ ಅತ್ತಿಗೆಯ ಬಾಯಿ ದೊಡ್ಡದು. ಅವರಿಗೆ ಹೇಳಿದರೆ ಕಾರ್ಕಳವಿಡೀ ಕಿತ್ತಳೆ ಹಣ್ಣು ಹಿಡಿದುಕೊಂಡು ನನ್ನ ಚಾವಡಿಗೆ ಬರುತ್ತದೆ ಎಂದು ಹೆದರಿದೆ.

ರೇಡಿಯೇಷನ್ ಶುರುವಾಗುವ ಮೊದಲು ಅಲ್ಲಿಯ ಹುಡುಗಿಯೊಬ್ಬಳು ಯಂತ್ರದ ಕೆಳಗೆ ಮಲಗಿಸಿ, ಅಳತೆ ನೋಡಿ, ಮಾರ್ಕರಿನಲ್ಲಿ ನನ್ನ ಮೈ ಮೇಲೆ ಗೀಟು ಎಳೆದಳು. ಕತ್ತಿನ ಬುಡದಲ್ಲಿ ಒಂದು, ಎದೆಯ ನಡುವೆ ಕೂಡಿಸುವ ಗುರುತು, ಪಕ್ಕೆಯಲ್ಲಿ ಇನ್ನೊಂದು. ನಡುವಿನದಕ್ಕೂ ಪಕ್ಕೆಯದಕ್ಕೂ ಮೇಲಿಂದ ಪಾರದರ್ಶಕ ಟೇಪು ಅಂಟಿಸಿದಳು. ಕತ್ತಿನ ಬುಡದಲ್ಲಿ ಬೆವರಿಗೆ ಟೇಪು ನಿಲ್ಲಲಿಲ್ಲ. ಅವಳ ಒಂದು ಅಭ್ಯಾಸ ನನಗೆ ಬಹಳ ಇಷ್ಟ. ಮುಟ್ಟುವ ಮೊದಲು ತನ್ನ ಎರಡೂ ಅಂಗೈಗಳನ್ನು ಉಜ್ಜಿ ಬಿಸಿ ಮಾಡಿಕೊಳ್ಳುತ್ತಾಳೆ. ಆ ಕೋಣೆಯ ಎಸಿಗೆ ಕೈ ತಣ್ಣಗಾಗಿರುತ್ತದಲ್ಲ, ಅದಕ್ಕೆ.

“ಈ ಗೀಟು ಹೋಗಬಾರದು ಅಮ್ಮ. ಸೋಪು ಬೇಡ, ಎಣ್ಣೆ ಬೇಡ, ಪೌಡರ್ ಬೇಡ. ನೀರು ಸುಮ್ಮನೆ ಹೊಯ್ದುಕೊಳ್ಳಿ, ಒರೆಸುವಾಗ ಒತ್ತಿ ಸಾಕು, ಉಜ್ಜಬೇಡಿ,” ಎಂದಳು.

“ಉಜ್ಜಬಾರದು ಅಂತ ನಾನು ಊರಿಗೆಲ್ಲ ಹೇಳುವವಳು ಮಗ,” ಎಂದೆ. ಅವಳಿಗೆ ಅರ್ಥವಾಗಲಿಲ್ಲ.

“ಮತ್ತೆ ಒಂದು ವೇಳೆ ಮಾಸಿದರೆ ನೀವೇ ಬರೆಯಬಾರದು, ಆಯ್ತಾ? ಎಷ್ಟೋ ಜನ ಮನೆಯಲ್ಲಿ ಬರೆದುಕೊಂಡು ಬರ್ತಾರೆ. ಒಂದು ಚೂರು ಆಚೀಚೆ ಆದ್ರೂ ಕಷ್ಟ. ನಮಗೆ ಬಂದು ಹೇಳಿ.”

ಹಾಗೆ ದಿನಾ ಬೆಳಿಗ್ಗೆ ಸೆರಗು ಕುತ್ತಿಗೆಯ ತನಕ ಹೊದ್ದು ಬಸ್ಸು ಹತ್ತುತ್ತಿದ್ದೆ. ಅಂಬಲಪಾಡಿ ಬಂದಾಗ ಕುಳಿತಲ್ಲಿಂದಲೇ ದೇವಸ್ಥಾನದ ದಿಕ್ಕಿಗೆ ಕೈ ಮುಗಿಯುತ್ತಿದ್ದೆ. ಕಿಟಕಿ ಬದಿಯ ಸೀಟು ಸಿಕ್ಕಿದ ದಿನ ಅದನ್ನೂ ಅಲ್ಲಿಯ ಜನಾರ್ದನ ದೇವರ ಲೆಕ್ಕಕ್ಕೆ ಹಾಕುತ್ತಿದ್ದೆ. ಆ ಕೋಣೆಯಲ್ಲಿ ಮಲಗಿಸಿ, ಗೀಟಿಗೆ ಬೆಳಕು ಹೊಂದಿಸಿ, “ಅಲುಗಾಡಬೇಡಿ” ಎಂದು ಎಲ್ಲರೂ ಹೊರಗೆ ಹೋಗುತ್ತಾರೆ. ದಪ್ಪ ಬಾಗಿಲು ಮುಚ್ಚುತ್ತದೆ. ನೋವೇನೂ ಇಲ್ಲ. ಆದರೆ ಒಬ್ಬಳೇ ಇರುವುದು ನನಗೆ ಅಭ್ಯಾಸವಾಗಿದೆ ಎಂದುಕೊಂಡಿದ್ದವಳಿಗೆ, ಆ ಬಾಗಿಲು ಮುಚ್ಚಿದ ಮೇಲಿನ ಒಬ್ಬಳೇತನ ಬೇರೆಯೇ ಎಂದು ತಿಳಿಯಿತು. ನಾಮ ಹೇಳಿಕೊಳ್ಳುತ್ತಿದ್ದೆ. ತುಟಿ ಅಲುಗಾಡಬಹುದೋ ಇಲ್ಲವೋ ಗೊತ್ತಿಲ್ಲದೆ ಮನಸ್ಸಿನಲ್ಲೇ ಹೇಳುತ್ತಿದ್ದೆ.

ಎಷ್ಟು ಮುಚ್ಚಿದರೂ ಒಂದು ದಿನ ಪಕ್ಕದ ಮನೆಯಾಕೆಗೆ ಕಂಡುಬಿಟ್ಟಿತು. ಅವರು ಶಂಕರಪುರದ ಕಡೆಯವರು. ತವರಿನಿಂದ ಮಲ್ಲಿಗೆ ಬಂದರೆ ನನಗೊಂದು ತುಂಡು ಕೊಡದೆ ಇರುವುದಿಲ್ಲ. ಹೂ ಕೊಡುತ್ತಾ ನನ್ನ ಕುತ್ತಿಗೆ ನೋಡಿ ಜೋರಾಗಿ ನಕ್ಕರು.

“ಎಂತ ಆಂಟಿ, ವೈದ್ಯರ ಮನೆಯಲ್ಲೇ ಕೆಮ್ಮಾ? ನಿಮಗೇ ಮಾರ್ಕರ್ ತಾಗಿದೆಯಲ್ಲ!”

“ಹೌದು ಮಾರಾಯ್ತಿ, ಪೆಟ್ಟಿಗೆಗೆ ಬರೆಯುವಾಗ ತಾಗಿತು,” ಎಂದೆ. ಪೆಟ್ಟಿಗೆ ಕಟ್ಟುವವರು ಊರಿನಲ್ಲೇ ಇಲ್ಲ ಎಂದು ಅವರಿಗೆ ಹೊಳೆಯಲಿಲ್ಲ. ಹೊಳೆದಿದ್ದರೆ ಅಂದೇ ಹೇಳಿಬಿಡುತ್ತಿದ್ದೆನೋ ಏನೋ. ಹೂವನ್ನು ದೇವರಿಗೆ ಇಟ್ಟು ಬಹಳ ಹೊತ್ತು ಅಲ್ಲೇ ಕುಳಿತಿದ್ದೆ.

ದೀಪಾವಳಿ ಹತ್ತಿರ ಬಂದಾಗ ಅತ್ತಿಗೆಯ ಫೋನು ಬಂತು. ಮಗ, ಸೊಸೆ ಹಬ್ಬಕ್ಕೆ ಸೊಸೆಯ ತವರಿಗೆ ಹೋಗುತ್ತಾರಂತೆ.

“ಇಲ್ಲಿ ನಾನೊಬ್ಬಳು, ಅಲ್ಲಿ ನೀನೊಬ್ಬಳು. ಎರಡು ಹಂಡೆಗೆ ಯಾಕೆ ಬೆಂಕಿ? ನಾನೇ ಬರ್ತೇನೆ.”

ಬೇಡ ಎನ್ನಲು ನೆಪ ಹುಡುಕಿದೆ, ಸಿಗಲಿಲ್ಲ. ನಿಜ ಹೇಳುವುದಾದರೆ ಸಿಗದೆ ಇದ್ದದ್ದಕ್ಕೆ ಖುಷಿಯೂ ಆಯಿತು. ಹಬ್ಬದ ದಿನ ಆಸ್ಪತ್ರೆಗೆ ರಜೆ, ಮರುದಿನ ಬೆಳಿಗ್ಗೆ ಅವರು ಕಾರ್ಕಳದ ಬಸ್ಸು ಹತ್ತಿದರೆ ನಾನು ಮಣಿಪಾಲಕ್ಕೆ ಹೋಗಬಹುದು. ಸೆರಗು ಜಾರದಂತೆ ನೋಡಿಕೊಂಡರಾಯಿತು ಎಂದು ಲೆಕ್ಕ ಹಾಕಿದೆ.

ಹಿಂದಿನ ಸಂಜೆ ಇಬ್ಬರೂ ಸೇರಿ ಬಚ್ಚಲಿನ ಹಂಡೆ ತಿಕ್ಕಿದೆವು. ಹುಣಸೆಹುಳಿಗೆ ತಾಮ್ರ ಹೊಳೆಯಿತು. ಅತ್ತಿಗೆ ಹಂಡೆಯ ಕಂಠಕ್ಕೆ ಬಳ್ಳಿ ಸುತ್ತಿ, ಹೊಟ್ಟೆಯ ಸುತ್ತ ಬಿಳಿ ಸೇಡಿಮಣ್ಣಿನಲ್ಲಿ ಗೀಟು ಎಳೆದರು. ಬಾವಿಯಿಂದ ನೀರು ಸೇದಿ ತುಂಬಿಸಿ, ಗಂಗೆಯನ್ನು ಬರಮಾಡಿಕೊಳ್ಳಲು ಜಾಗಟೆ ಇಲ್ಲದ್ದಕ್ಕೆ ಊಟದ ಬಟ್ಟಲನ್ನು ಸೌಟಿನಲ್ಲಿ ಬಡಿದರು. “ಗಂಗೆಗೆ ಕೇಳಿದರೆ ಸಾಕು, ಬ್ಯಾಂಡ್‌ಸೆಟ್ ಬೇಕಂತ ಇಲ್ಲ,” ಎಂದು ನಗಿಸಿದರು. ಆ ಮನೆಯಲ್ಲಿ ಎರಡು ಜನರ ನಗು ಕೇಳಿ ಎಷ್ಟೋ ಕಾಲವಾಗಿತ್ತು.

ಬೆಳಗಾಗುವ ಮೊದಲೇ ಎಬ್ಬಿಸಿದರು. ನಮ್ಮಲ್ಲಿ ಹಬ್ಬದ ಎಣ್ಣೆಯನ್ನು ತಾನೇ ಹಚ್ಚಿಕೊಳ್ಳುವ ಕ್ರಮ ಇಲ್ಲ. ಹಿರಿಯರು ಹಚ್ಚಬೇಕು. ಮಣೆಯ ಮೇಲೆ ಕುಳಿತೆ. ಸೀರೆ ಒಂದು ಸುತ್ತು ಉಟ್ಟು, ಕುತ್ತಿಗೆಗೆ ಬೈರಾಸು ಬಿಗಿಯಾಗಿ ಸುತ್ತಿಕೊಂಡಿದ್ದೆ. ತಲೆಗೆ ಎಣ್ಣೆಯಾದರೆ ತೊಂದರೆಯಿಲ್ಲ, ಕೆಳಗೆ ಇಳಿಯದಿದ್ದರಾಯಿತು ಎಂಬ ಧೈರ್ಯ. ಅತ್ತಿಗೆ ಗರಿಕೆಯಲ್ಲಿ ಎಣ್ಣೆ ಮುಟ್ಟಿಸಿ ನೆತ್ತಿಗೆ ಇಟ್ಟು, ಮತ್ತೆ ಬೊಗಸೆಯಲ್ಲಿ ಹೊಯ್ದು ತಟ್ಟಲು ಶುರುಮಾಡಿದರು. ಅವರ ಬೆರಳುಗಳು ಗಟ್ಟಿ. ನೆತ್ತಿಯಿಂದ ಕಿವಿಯ ಹಿಂದೆ, ಕಿವಿಯ ಹಿಂದಿನಿಂದ ಕತ್ತಿಗೆ. ನಾನು ಕಣ್ಣು ಮುಚ್ಚಿದೆ.

ನನ್ನ ತಲೆಯನ್ನು ಯಾರಾದರೂ ಹೀಗೆ ಹಿಡಿದು ಎಷ್ಟು ವರ್ಷವಾಗಿತ್ತು? ಆಸ್ಪತ್ರೆಯಲ್ಲಿ ದಿನಾ ಯಾರಾದರೊಬ್ಬರು ಮುಟ್ಟುತ್ತಿದ್ದರು, ಆದರೆ ಅದು ಅಳತೆಗೆ. ಇದು ಸುಮ್ಮನೆ ಮುಟ್ಟುವುದು. ಕಣ್ಣಿನಲ್ಲಿ ನೀರು ಬಂತು. ಎಣ್ಣೆ ಇಳಿದದ್ದು ಎಂದು ತಿಳಿಯಲಿ ಎಂದು ಸುಮ್ಮನಿದ್ದೆ. ಬೈರಾಸು ತೆಗೆದುಕೊಟ್ಟದ್ದು ನನಗೇ ಗೊತ್ತಾಗಲಿಲ್ಲ ಎಂದರೆ ನೀವು ನಂಬಬೇಕು. “ಒಳ್ಳೆ ಬೈರಾಸು ಎಣ್ಣೆ ಆಗ್ತದೆ, ತೆಗಿ,” ಎಂದು ಅವರು ಹೇಳಿದ್ದು ಎಲ್ಲೋ ದೂರದಲ್ಲಿ ಕೇಳಿದ ಹಾಗಿತ್ತು.

“ಅಯ್ಯೋ, ಇದೆಂತ! ಹಬ್ಬದ ದಿನ ಕುತ್ತಿಗೆಗೆ ಮಸಿ! ಊರಿಗೆಲ್ಲ ಬುದ್ಧಿ ಹೇಳ್ತಿ, ನಿನ್ನ ಕುತ್ತಿಗೆ ನಿನಗೆ ಕಾಣುವುದಿಲ್ಲ ಅಲ್ವಾ?”

ಕಣ್ಣು ಬಿಡುವಷ್ಟರಲ್ಲಿ ಅವರ ಹೆಬ್ಬೆರಳು ಗೀಟಿನ ಮೇಲಿತ್ತು. ಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಹೆಬ್ಬೆರಳಲ್ಲಿ ತಿಕ್ಕಬೇಕು. ಮೊಮ್ಮಗಳ ಕೈಗೆ ಮಾರ್ಕರ್ ಹತ್ತಿದಾಗ ನಾನೇ ಫೋನಿನಲ್ಲಿ ಅವರಿಗೆ ಹೇಳಿಕೊಟ್ಟದ್ದು. ಹೇಳಿಕೊಟ್ಟದ್ದನ್ನು ಚೆನ್ನಾಗಿಯೇ ಕಲಿತಿದ್ದರು.

“ಬೇಡ ಅತ್ತಿಗೆ!” ಎಂದು ಕೂಗಿದೆ. ಆ ಕೂಗಿಗೆ ಅವರು ಬೆಚ್ಚಿ ಹಿಂದೆ ಸರಿದರು. ಹೆಬ್ಬೆರಳು ನೇರಳೆಯಾಗಿತ್ತು.

“ನೋವಾಯ್ತಾ?”

“ಇಲ್ಲ... ಕಚಗುಳಿ ಆಯ್ತು.”

ಅವರು ನನ್ನ ಮುಖವನ್ನೇ ನೋಡಿದರು. ಕಡಲೆಹಿಟ್ಟಿನ ಬಟ್ಟಲು ಹತ್ತಿರ ಇಟ್ಟು ತಾವು ಒಲೆಯ ಕಡೆಗೆ ಹೋದರು. ನಾನು ತಲೆಗಷ್ಟೇ ಬಿಸಿನೀರು ಹೊಯ್ದುಕೊಂಡು, ಬಾಗಿಲು ಹಾಕಿ, ಕೋಣೆಯ ಕನ್ನಡಿಯ ಮುಂದೆ ನಿಂತೆ. ನಡುವಿನ ಗುರುತು ಟೇಪಿನ ಅಡಿಯಲ್ಲಿ ಇದ್ದ ಹಾಗೇ ಇತ್ತು. ಪಕ್ಕೆಯದೂ ಇತ್ತು. ಕತ್ತಿನ ಬುಡದ್ದು ಮಾತ್ರ ಅರ್ಧ ಹೋಗಿ, ಉಳಿದರ್ಧ ಮೋಡದ ಹಾಗೆ ಹರಡಿತ್ತು.

ನಾಳೆ ಆಸ್ಪತ್ರೆಯವರು ಎಲ್ಲಿಗೆ ಬೆಳಕು ಹೊಂದಿಸುತ್ತಾರೆ? ಮತ್ತೆ ಮೊದಲಿನಿಂದ ಶುರುಮಾಡಬೇಕೆಂದರೆ? ಇಷ್ಟು ದಿನ ಹೋಗಿ ಬಂದದ್ದೆಲ್ಲ ನೀರಿನಲ್ಲಿ ಹೋಮವಾಯಿತೇ? ಆ ಹುಡುಗಿ ಹೇಳಿದ್ದು ನೆನಪಿತ್ತು. ಆದರೂ ಕೈ ಕಪಾಟಿಗೆ ಹೋಯಿತು. ಗಂಡನ ಪೆಟ್ಟಿಗೆಯ ಮಾರ್ಕರ್ ಅಲ್ಲೇ ಇತ್ತು. ಮುಚ್ಚಳ ತೆಗೆದೆ. ಕನ್ನಡಿಯಲ್ಲಿ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಗೀಟು ಎಲ್ಲಿ ಮುಗಿಯುತ್ತಿತ್ತು ಎಂದು ದಿನಾ ನೋಡಿದ ನನಗೇ ಗೊತ್ತಾಗಲಿಲ್ಲ. ಮಾರ್ಕರಿನ ತುದಿ ಚರ್ಮದ ಹತ್ತಿರ ತಂದು ಹಾಗೆಯೇ ನಿಂತೆ. ದೇವರೇ, ಕೈ ಹಿಡಿ ಎಂದೆ.

ಆಗ ಬಾಗಿಲು ತಳ್ಳಿದ ಸದ್ದು. ಚಿಲಕ ಸರಿಯಾಗಿ ಬಿದ್ದಿರಲಿಲ್ಲ. ಕಾಫಿ ಲೋಟ ಹಿಡಿದು ಅತ್ತಿಗೆ ನಿಂತಿದ್ದರು. ಕತ್ತಿನ ಹರಡಿದ ಮಸಿ, ಎದೆಯ ನಡುವಿನ ಟೇಪು, ಆಪರೇಷನ್ನಿನ ಹೊಲಿಗೆಯ ಗುರುತು, ಎಲ್ಲವನ್ನೂ ಅವರು ಒಂದೇ ನೋಟದಲ್ಲಿ ನೋಡಿದರು. ತಾಯಿಯನ್ನು ನೋಡಿಕೊಂಡ ಕಣ್ಣು. ಅದಕ್ಕೆ ವಿವರಣೆ ಬೇಕಾಗಲಿಲ್ಲ.

ಲೋಟವನ್ನು ಮೇಜಿನ ಮೇಲೆ ಇಟ್ಟರು. ನನ್ನ ಕೈಯಿಂದ ಮಾರ್ಕರ್ ತೆಗೆದುಕೊಂಡು, ಮುಚ್ಚಳ ಹಾಕಿದರು.

“ತಮ್ಮನಿಗೆ ಗೊತ್ತುಂಟಾ?”

“ಉಂಟು.”

“ಅವನಿಗೆ ಉಂಟು. ನಿನಗೆ ಉಂಟು. ಆಸ್ಪತ್ರೆಯವರಿಗೆ ಉಂಟು. ನಾನು ಮಾತ್ರ ಎಂತ, ಹೊರಗಿನವಳಾ?”

“ಹಾಗಲ್ಲ ಅತ್ತಿಗೆ. ಅಮ್ಮನ ನೆನಪಾಗಿ ನಿಮಗೆ...”

“ಅಮ್ಮನ ನೆನಪು ನನಗೆ ನೀನು ತರಿಸಬೇಕಾ?” ಎಂದು ಜೋರು ಮಾಡಿದರು. ಮತ್ತೆ ತಮ್ಮ ನೇರಳೆ ಹೆಬ್ಬೆರಳನ್ನು ನೋಡಿಕೊಂಡು ಸಣ್ಣ ಸ್ವರದಲ್ಲಿ, “ಈ ಗೀಟು ಬೇಕಾದದ್ದಾ? ನಾನು ಬೇಕಾದದ್ದನ್ನೇ ತೆಗೆದು ಬಿಟ್ಟೆನಾ?” ಎಂದು ಕೇಳಿದರು.

ಸುಳ್ಳು ಹೇಳಲು ಬಾಯಿ ತೆರೆದೆ. ಅಳು ಬಂತು.

ಮರುದಿನ ಅತ್ತಿಗೆ ಕಾರ್ಕಳದ ಬಸ್ಸು ಹತ್ತಲಿಲ್ಲ. ನನ್ನ ಜೊತೆ ಮಣಿಪಾಲಕ್ಕೆ ಬಂದರು. ಬಸ್ಸಿನಲ್ಲಿ ಕಿಟಕಿ ಬದಿ ನನಗೆ ಕೊಟ್ಟು, ಉಡುಪಿಯ ತನಕ ಬಾಯಿ ಮುಚ್ಚಿ ಕುಳಿತಿದ್ದರು. ಅವರ ಬಾಯಿಗೆ ನಾನು ಅಷ್ಟು ಹೆದರಿದ್ದೆನಲ್ಲ, ಅವತ್ತು ಆ ಮೌನಕ್ಕೇ ಹೆದರಿದೆ. ಅಂಬಲಪಾಡಿಯಲ್ಲಿ ನಾನು ಕೈ ಮುಗಿಯುವುದನ್ನು ನೋಡಿ ಅವರೂ ಮುಗಿದರು.

ಆ ಹುಡುಗಿಯ ಎದುರು ನಾನು ಬಾಯಿ ತೆರೆಯುವ ಮೊದಲೇ ಅತ್ತಿಗೆ ಹೆಬ್ಬೆರಳು ಮುಂದೆ ಹಿಡಿದರು. “ಇಕೊ, ನಿಮ್ಮ ಗೀಟು ಇಲ್ಲುಂಟು. ಹಬ್ಬದ ಎಣ್ಣೆ ಹಚ್ಚುವಾಗ ತೆಗೆದವಳು ನಾನು. ಬೈಯುವುದಾದರೆ ನನಗೆ ಬೈಯಿರಿ, ಅವಳಿಗೆ ಬೇಡ.”

ಹುಡುಗಿ ಒಂದು ಗಳಿಗೆ ಆ ಬೆರಳನ್ನು ನೋಡಿ, ನಗು ತಡೆಯಲಾರದೆ ನಕ್ಕಳು. “ನೀವೇ ಬರೆಯಲಿಲ್ಲ ಅಲ್ವಾ ಅಮ್ಮ? ಹಾಗಾದರೆ ಹೆದರಬೇಡಿ. ನಡುವಿನದು, ಪಕ್ಕೆಯದು ಇದೆ. ಅಳತೆ ನಮ್ಮ ಹತ್ತಿರ ಇದೆ. ಡಾಕ್ಟರಿಗೆ ತೋರಿಸಿ ಪುನಃ ಎಳೆಯುವ.” ಅಂಗೈ ಉಜ್ಜಿ ಬಿಸಿ ಮಾಡಿಕೊಂಡಳು. ಡಾಕ್ಟರು ಬಂದು ನೋಡಿದರು. ಸ್ವಲ್ಪ ಹೊತ್ತು ಹಿಡಿಯಿತು ಅಷ್ಟೇ, ಚಿಕಿತ್ಸೆ ಅಂದೇ ಮುಂದುವರಿಯಿತು. ದಪ್ಪ ಬಾಗಿಲು ಮುಚ್ಚಿತು. ಅದರ ಆಚೆಯ ಬೆಂಚಿನಲ್ಲಿ ಅತ್ತಿಗೆ ಕುಳಿತಿದ್ದಾರೆ ಎಂದು ನನಗೆ ಗೊತ್ತಿತ್ತು. ಅಂದು ನಾಮ ಅರ್ಧಕ್ಕೇ ನಿಂತಿತು, ನಿದ್ದೆ ಬಂದ ಹಾಗಾಯಿತು.

ಎರಡು ದಿನ ಇದ್ದು ಅವರು ಹೊರಟರು. ಮಗ, ಸೊಸೆ ಬಂದಿದ್ದರು, ಮೊಮ್ಮಗಳನ್ನು ಶಾಲೆಯಿಂದ ಕರೆತರುವುದು ಅವರ ಕೆಲಸ. ಇರಿ ಎನ್ನಲು ನನಗೆ ಬಾಯಿಲ್ಲ, ಇರುತ್ತೇನೆ ಎನ್ನಲು ಅವರಿಗೆ ಅನುಕೂಲವಿಲ್ಲ. ಬಸ್ಸು ತಿರುವು ದಾಟುವ ತನಕ ನಿಂತು ನೋಡಿ ಮನೆಗೆ ಬಂದೆ. ಹಂಡೆಯ ಹೊಟ್ಟೆಯ ಮೇಲೆ ಅವರು ಎಳೆದ ಸೇಡಿಯ ಗೀಟು ಇನ್ನೂ ಇತ್ತು. ಕೆಲವು ದಿನ ಅದರ ಮೇಲೆ ನೀರು ಬೀಳದ ಹಾಗೆ ಚೊಂಬು ಅದ್ದಿದೆ.

ಅಂದಿನಿಂದ ದಿನಾ ಸಂಜೆ ದೀಪ ಹಚ್ಚಿ ಏಳುವಾಗ ಫೋನು ಬರುತ್ತದೆ.

“ಗೀಟು ಉಂಟಾ?”

“ಉಂಟು ಅತ್ತಿಗೆ.”

“ಸರಿ. ಇಡ್ತೇನೆ.”

ಅಷ್ಟೇ ಮಾತು. ಕಾರ್ಕಳದಿಂದ ಯಾರೂ ಕಿತ್ತಳೆ ಹಿಡಿದುಕೊಂಡು ಬರಲಿಲ್ಲ. ಅತ್ತಿಗೆ ಯಾರಿಗೂ ಹೇಳಲಿಲ್ಲ.

ಚಿಕಿತ್ಸೆ ಮುಗಿದ ದಿನ ಆ ಹುಡುಗಿ, “ಇನ್ನು ಹೋದರೆ ಹೋಗಲಿ ಅಮ್ಮ. ತಾನಾಗಿ ಹೋಗ್ತದೆ, ಚರ್ಮ ಸೂಕ್ಷ್ಮ ಆಗಿದೆ, ತೆಗೆಯಲಿಕ್ಕೆ ನೋಡಬೇಡಿ,” ಎಂದಳು. ಡಾಕ್ಟರು ಎಲ್ಲ ಸರಿಯಿದೆ ಎಂದರು, ಕೆಲವು ತಿಂಗಳು ಬಿಟ್ಟು ಬರಲು ಹೇಳಿದರು. ಬರುವಾಗ ಅಂಬಲಪಾಡಿಯಲ್ಲಿ ಬಸ್ಸು ಇಳಿದು, ಒಳಗೆ ಹೋಗಿ, ಹಣ್ಣುಕಾಯಿ ಮಾಡಿಸಿ ಬಂದೆ.

ಅತ್ತಿಗೆಯ ಪ್ರಶ್ನೆ ಆ ಸಂಜೆಯಿಂದ ಬದಲಾಯಿತು. “ಗೀಟು ಹೋಯಿತಾ?” ಎಂದು ಕೇಳತೊಡಗಿದರು.

“ಇಲ್ಲ, ಸ್ವಲ್ಪ ಉಂಟು.”

ಅದು ದಿನಕ್ಕಿಷ್ಟು ಮಾಸುತ್ತಾ ಬಂತು. ನೇರಳೆ ಬೂದಿಯಾಯಿತು, ಬೂದಿ ನೆರಳಾಯಿತು. ಜೀವಮಾನವಿಡೀ ಕಲೆ ಹೋಗಲಿ ಎಂದು ಕಾದವಳು, ಇದು ನಿಧಾನವಾಗಿ ಹೋಗಲಿ ಎಂದು ಕಾದೆ. ಹೋದ ವಾರ ಬೆಳಿಗ್ಗೆ ಕನ್ನಡಿಯಲ್ಲಿ ನೋಡಿದರೆ ಏನೂ ಇರಲಿಲ್ಲ. ಕಿಟಕಿಯ ಬೆಳಕಿಗೆ ತಿರುಗಿ ನೋಡಿದೆ, ಇರಲಿಲ್ಲ. ದೇವರ ಮುಂದೆ ಕೈ ಮುಗಿದು ನಿಂತೆ.

ಸಂಜೆ ದೀಪ ಹಚ್ಚಿದೆ. ಫೋನು ಬಂತು.

“ಹೋಯಿತಾ?”

“ಇಲ್ಲ ಅತ್ತಿಗೆ,” ಎಂದೆ. “ಇನ್ನೂ ಒಂಚೂರು ಉಂಟು.”

ಆ ಕಡೆ ಮೊಮ್ಮಗಳು ಏನೋ ಓದುತ್ತಿದ್ದುದು ಕೇಳಿಸುತ್ತಿತ್ತು.

“ಎಂಥ ಮಸಿ ಮಾರಾಯ್ತಿ ಅದು!” ಎಂದರು ಅತ್ತಿಗೆ. “ಆಯ್ತು. ನಾಳೆ ನೋಡುವ.”